ಸ್ಮಾಲ್ ಹೀತ್‌ನ ಹಳೇ ಮಾರ್ಟಿನಿ: ಒಂದು ಚಳಿಗಾಲದ ರಿಪೇರಿ

ರೈಫಲ್ ತಗೊಂಡೆ ಅಂತ ಊರಿಗೆ ಫೋನಿನಲ್ಲಿ ಹೇಳಿದಾಗ ಅಪ್ಪ ಮೊದಲು ಕೇಳಿದ್ದು, "ಅಲ್ಲೂ ಹಂದಿ ಕಾಟವಾ?" ಅಂತ. ತೀರ್ಥಹಳ್ಳಿ ಕಡೆಯ ಅಡಿಕೆ ತೋಟದವರಿಗೆ ಕೋವಿ ಅಂದರೆ ಬೆಳೆ ಕಾಯುವ ಸಾಮಾನು, ಹಾರೆ ಪಿಕಾಸಿಗಳ ಸಾಲಿನದು. ಚುನಾವಣೆ ಬಂತೆಂದರೆ ಅದನ್ನು ಹೊತ್ತುಕೊಂಡು ಹೋಗಿ ಪೊಲೀಸ್ ಠಾಣೆಯಲ್ಲಿಟ್ಟು, ರಸೀದಿ ತಂದು, ಎಲ್ಲ ಮುಗಿದ ಮೇಲೆ ಮತ್ತೆ ಬಿಡಿಸಿಕೊಂಡು ಬರಬೇಕು. ನಾನು 25 ಗಜ ದೂರದ ಕಾಗದಕ್ಕೆ ಹೊಡೆಯಲು ರೈಫಲ್ ಕೊಂಡಿದ್ದೇನೆ ಅನ್ನುವುದು ಅವರ ತಲೆಗೆ ಹೋಗಲಿಲ್ಲ. "ಕಾಗದ ಏನು ಮಾಡಿತ್ತಂತೆ ನಿಂಗೆ?" ಅಂದು ಫೋನನ್ನು ಅಮ್ಮನ ಕೈಗೆ ಕೊಟ್ಟರು.

ನಾನಿರುವುದು ಬರ್ಮಿಂಗ್‌ಹ್ಯಾಮ್ ಅಂಚಿನಲ್ಲಿ. ಹೊಟ್ಟೆಪಾಡು ಟೂಲ್‌ರೂಮಿನದು; ಪೀಣ್ಯದಲ್ಲಿ ಅರ (ಫೈಲು) ಹಿಡಿದು ಕಲಿತ ಕೈ. ಮೂರು ವರ್ಷದ ಹಿಂದೆ ಸಹೋದ್ಯೋಗಿಯೊಬ್ಬ ಒಂದು ಗುರುವಾರ ಸಂಜೆ ತನ್ನ ಕ್ಲಬ್ಬಿಗೆ ಕರೆದುಕೊಂಡು ಹೋದ. ಶಾಲೆಯೊಂದರ ಹಿಂದೆ ಉದ್ದನೆಯ ತಗಡಿನ ಶೆಡ್ಡು, ನೆಲದ ಮೇಲೆ ಹಾಸಿದ ಚಾಪೆ, ಒಂದು ಕೆಟಲ್, ಅರವತ್ತು ದಾಟಿದ ಏಳೆಂಟು ಜನ. ಇಂಥ ಕ್ಲಬ್ಬುಗಳು ಇಲ್ಲಿ ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧದ (1899–1902) ಕಾಲದಿಂದ ಇವೆ. ನಮ್ಮ ಹುಡುಗರಿಗೆ ಗುರಿ ಹಿಡಿಯೋಕೇ ಬರೋದಿಲ್ಲ ಅಂತ ಆ ಯುದ್ಧದ ಸೇನಾಪತಿ ಲಾರ್ಡ್ ರಾಬರ್ಟ್ಸ್ ಊರೂರು ಸುತ್ತಿ ಹೇಳಿದ್ದರ ಫಲ. ದೊಡ್ಡ ರೈಫಲಿಗೆ ಮೈಲುಗಟ್ಟಲೆ ಜಾಗ ಬೇಕು; .22 (ಇಂಚಿನ ನೂರರಲ್ಲಿ 22 ಪಾಲು ಅಗಲದ ಸಣ್ಣ ಗುಂಡಿನದು) ಆದರೆ ಒಂದು ಶೆಡ್ಡು ಸಾಕು. ಹಾಗಾಗಿ ಕಾರ್ಖಾನೆ, ಚರ್ಚು, ರೈಲ್ವೆ ಕೆಲಸಗಾರರೆಲ್ಲ ತಮ್ಮದೇ ಕ್ಲಬ್ಬು ಕಟ್ಟಿಕೊಂಡರು. ಅವರಿಗೆ ರೈಫಲ್ ಮಾಡಿಕೊಟ್ಟವರಲ್ಲಿ ಮುಂದಿದ್ದದ್ದು ಇದೇ ಊರಿನ ಬಿಎಸ್‌ಎ. ನಮ್ಮಲ್ಲಿ ಹಳೇ ಮೋಟಾರ್‌ಸೈಕಲ್ಲಿನಿಂದ ಗೊತ್ತಿರುವ ಹೆಸರು. ಆದರೆ ಅದರ ವಿಸ್ತಾರ ಬರ್ಮಿಂಗ್‌ಹ್ಯಾಮ್ ಸ್ಮಾಲ್ ಆರ್ಮ್ಸ್, 1861ರಲ್ಲಿ ಶುರುವಾದದ್ದೇ ಬಂದೂಕು ಮಾಡಲು. ಟ್ಯಾಂಕಿನ ಮೇಲಿನ ಆ ಒಟ್ಟಿಗೆ ಆನಿಸಿಟ್ಟ ಮೂರು ಕೋವಿಗಳ ಗುರುತು ಸುಮ್ಮನೆ ಬಂದದ್ದಲ್ಲ.

ಎರಡು ವರ್ಷ ಕ್ಲಬ್ಬಿನ ರೈಫಲಿನಲ್ಲೇ ಕಾಲ ಹಾಕಿದೆ. ಆಮೇಲೆ ನನ್ನದೇ ಬೇಕು ಅನ್ನಿಸಿ ಸರ್ಟಿಫಿಕೇಟಿಗೆ ಅರ್ಜಿ ಹಾಕಿದೆ. ವೈದ್ಯರ ಪತ್ರ, ಇಬ್ಬರು ಪರಿಚಿತರ ಜಾಮೀನಿನಂಥ ಮಾತು, ಮನೆಗೆ ಬಂದು ಕಬ್ಬಿಣದ ಕಪಾಟು ಗೋಡೆಗೆ ಗಟ್ಟಿಯಾಗಿ ಕೂತಿದೆಯೇ ಎಂದು ಅಲ್ಲಾಡಿಸಿ ನೋಡಿದ ಅಧಿಕಾರಿ. ಸಿಕ್ಕಿದ್ದು ಐದು ವರ್ಷದ ಕಾಗದ. ಅದರಲ್ಲಿ ಇಂಥ ಅಳತೆಯ ಒಂದು ರೈಫಲ್ ಅಂತ ಬರೆದಿದ್ದರೆ ಮಾತ್ರ ಅಂಗಡಿಯವನು ಕೊಡುತ್ತಾನೆ, ಕೊಟ್ಟ ಏಳು ದಿನದೊಳಗೆ ಪೊಲೀಸರಿಗೆ ತಿಳಿಸಬೇಕು. ಅಜ್ಜನ ಲೈಸೆನ್ಸ್ ಪುಸ್ತಕದ ಕಿರಿಕಿರಿಗಿಂತ ಬಹಳ ಬೇರೆಯೇನಲ್ಲ. ಊರಿನಲ್ಲಿರುವವರು ಇದನ್ನೋದಿ ಅಟ್ಟದ ಮೇಲಿನ ಹಳೇ ಕೋವಿ ಕೆಳಗಿಳಿಸುವ ಮೊದಲು ಒಂದು ಮಾತು: ಅಲ್ಲಿ 1959ರ ಕಾಯ್ದೆ ಇದೆ. ಲೈಸೆನ್ಸ್ ಇಲ್ಲದ್ದನ್ನು ಮುಟ್ಟಬೇಡಿ, ರಿಪೇರಿಯನ್ನೂ ಪರವಾನಗಿ ಇರುವವರ ಹತ್ತಿರವೇ ಮಾಡಿಸಿ.

ಅಂಗಡಿಯ ರ್‍ಯಾಕಿನಲ್ಲಿ ಅದು ಒಂದು ಮೂಲೆಯಲ್ಲಿತ್ತು. ಬಿಎಸ್‌ಎ ಮಾರ್ಟಿನಿ, ಮಾಡೆಲ್ 12; ಒಂದು ಸಲಕ್ಕೆ ಒಂದೇ ಗುಂಡು ಹಾಕುವ .22 ರೈಫಲ್. ಬೆಲೆ ಚೀಟಿ 130 ಪೌಂಡ್. ಪಕ್ಕದಲ್ಲೇ ಒಂದು ಜರ್ಮನ್ ಆನ್‌ಶುಟ್ಜ್ ಅದರ ಎಷ್ಟೋ ಪಟ್ಟು ಬೆಲೆಗೆ ಕೂತಿತ್ತು. ಹಳೇ ಕ್ಲಬ್ಬುಗಳು ಮುಚ್ಚಿದಾಗ, ಹಿರಿಯರು ತೀರಿಕೊಂಡಾಗ ಮಾರ್ಟಿನಿಗಳು ಹೀಗೆ ಅಂಗಡಿಗೆ ಬಂದು ಬೀಳುತ್ತವೆ, ಕೊಳ್ಳುವವರು ಕಡಿಮೆ. ಕೈಗೆತ್ತಿಕೊಂಡರೆ ಭಾರ, 29 ಇಂಚಿನ ನಳಿಗೆ, ಎಲ್ಲ ಸೇರಿ ನಾಲ್ಕು ಕಿಲೋ ಹತ್ತಿರ. ಮರದ ಮೇಲೆ ಯಾರೋ ಬಾಗಿಲಿಗೆ ಬಳಿಯುವ ಹೊಳಪು ವಾರ್ನಿಷ್ ಬಳಿದಿದ್ದರು. ಬೆಲ್ಲದ ಪಾಕ ಸುರಿದಂತೆ ಅಲ್ಲಲ್ಲಿ ಇಳಿದು ಹೆಪ್ಪುಗಟ್ಟಿತ್ತು. ಅದನ್ನು ನೋಡಿಯೇ ಬೇರೆಯವರು ಬಿಟ್ಟಿರಬೇಕು.

ನಾನು ನೋಡಿದ್ದು ಬೇರೆ. ಸ್ಕ್ರೂಗಳ ತಲೆ ಕಿತ್ತುಹೋಗಿರಲಿಲ್ಲ. ಲಿವರ್ ಕೆಳಗೆಳೆದರೆ ನಳಿಗೆಯ ಹಿಂಬಾಯಿ ಮುಚ್ಚುವ ಒಳಗಿನ ಉಕ್ಕಿನ ಬ್ಲಾಕ್ ಮೆತ್ತಗೆ ಬಗ್ಗಿ, ಮೇಲಕ್ಕೆ ಬಂದಾಗ ಗಟ್ಟಿಯಾಗಿ ಕೂರುತ್ತಿತ್ತು, ಅಕ್ಕಪಕ್ಕ ಅಲುಗಾಟವಿಲ್ಲ. ನಳಿಗೆಯ ಬುಡದಲ್ಲಿ ಬರ್ಮಿಂಗ್‌ಹ್ಯಾಮ್ ಪ್ರೂಫ್ ಹೌಸಿನ ಕಿರೀಟದ ಮುದ್ರೆಗಳು, ಬಿಪಿ, ಬಿವಿ, ಎನ್‌ಪಿ, ಮೂರೂ ಸ್ಪಷ್ಟ. 1813ರಿಂದ ಈ ಊರಿನಲ್ಲಿ ನಳಿಗೆಗಳಿಗೆ ಹೆಚ್ಚಿನ ಮದ್ದು ತುಂಬಿ ಹೊಡೆದು ಪರೀಕ್ಷಿಸುವ ಆ ಮನೆ ಇದೆ, ಈಗಲೂ ಕೆಲಸ ಮಾಡುತ್ತಿದೆ. ಆದರೆ ನಳಿಗೆಯ ಒಳಗೆ ಬೆಳಕು ಬಿಟ್ಟು ನೋಡಿದಾಗ ಮನಸ್ಸು ಸ್ವಲ್ಪ ಇಳಿಯಿತು. ಸುರುಳಿ ಗೀರುಗಳ ನಡುವೆ, ಗುಂಡು ಕೂರುವ ಜಾಗದಿಂದ ಒಂದು ಗೇಣು ಮುಂದಕ್ಕೆ, ಸಿಡುಬಿನ ಕಲೆಯಂಥ ಸಣ್ಣ ಸಣ್ಣ ಗುಳಿ.

ಅದಕ್ಕೆ ಕಾರಣ ಉಂಟು. ಹಳೇ .22 ತೋಟಾಗಳ ಅಂಚಿನಲ್ಲಿ ಕಿಡಿ ಹತ್ತಿಸುವ ಮಸಾಲೆಯಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಅದು ಉರಿದ ಮೇಲೆ ಉಳಿಯುವುದು ಒಂದು ಬಗೆಯ ಉಪ್ಪು. ಉಪ್ಪು ಗಾಳಿಯ ತೇವ ಎಳೆಯುತ್ತದೆ, ತೇವ ಉಕ್ಕನ್ನು ತಿನ್ನುತ್ತದೆ. ಉಪ್ಪಿನಕಾಯಿ ಭರಣಿಯ ಪಕ್ಕ ಇಟ್ಟ ಈಳಿಗೆಮಣೆಗೆ ಆಗುವುದೇ ಇದಕ್ಕೂ ಆಗುವುದು. ತುಕ್ಕು ತರದ ಮಸಾಲೆ ಬಂದದ್ದು 1920ರ ದಶಕದ ಕೊನೆಗೆ. ಅದಕ್ಕೂ ಹಿಂದಿನ ರೈಫಲುಗಳನ್ನು ಹೊಡೆದ ರಾತ್ರಿಯೇ ಒರೆಸಿಡದಿದ್ದರೆ ಮುಗಿಯಿತು. ಅಂಗಡಿಯವನಿಗೆ ಗುಳಿ ತೋರಿಸಿ ಹತ್ತು ಪೌಂಡ್ ಇಳಿಸಿದೆ.

ಇಲ್ಲಿ ಮಾಡಿದ ತಪ್ಪನ್ನು ಈಗಲೇ ಹೇಳಿಬಿಡುತ್ತೇನೆ. ಬಿಚ್ಚುವ ಮೊದಲು ಅದನ್ನು ಕ್ಲಬ್ಬಿಗೆ ಒಯ್ದು ಒಂದು ಕಾರ್ಡಿಗಾದರೂ (ಗುರಿ ಅಚ್ಚು ಹಾಕಿದ ಕಾಗದ) ಹೊಡೆದು ನೋಡಬೇಕಿತ್ತು. ವಾರ್ನಿಷ್ ಕಂಡು ಕೈ ತುರಿಸುತ್ತಿತ್ತು, ಕಾಯಲಿಲ್ಲ.

ಬಿಚ್ಚುವಾಗ ಮೊದಲ ತೊಡಕು ಬಟ್ಟಿನದು. ಮಾರ್ಟಿನಿಯ ಮರ ಎರಡು ತುಂಡು. ಹಿಂದಿನ ತುಂಡು, ಹೆಗಲಿಗೆ ಆನಿಸುವ ಬಟ್ಟು, ಉಕ್ಕಿನ ದೇಹಕ್ಕೆ ಒಂದೇ ಒಂದು ಉದ್ದ ಬೋಲ್ಟಿನಿಂದ ಕೂತಿರುತ್ತದೆ. ಬಟ್ಟಿನ ಹಿಂದಿನ ತಗಡು ತೆಗೆದರೆ ಮರದೊಳಗೆ ಸುರಂಗ. ಅದರ ತುದಿಯಲ್ಲೆಲ್ಲೋ ಬೋಲ್ಟಿನ ತಲೆ. ಬಾಯಿ ಸರಿಯಾಗಿ ಕೂರದ ಸ್ಕ್ರೂಡ್ರೈವರ್ ಜಾರಿದರೆ ಮರ ಒಳಗಿಂದ ಸೀಳುತ್ತದೆ. ಉದ್ದನೆಯ ಒಂದು ಹಳೇ ಸ್ಕ್ರೂಡ್ರೈವರ್ ತಂದು ಬಾಯಿಯನ್ನು ಬೋಲ್ಟಿನ ತಲೆಯ ಸೀಳಿಗೆ ಸರಿಯಾಗಿ ಉಜ್ಜಿ ಕೂರಿಸಿಕೊಂಡೆ. ಮಾಮೂಲಿ ಸ್ಕ್ರೂಡ್ರೈವರಿನ ಬಾಯಿ ಬೆಣೆಯಂತಿರುತ್ತದೆ, ತಿರುಗಿಸುವಾಗ ಮೇಲಕ್ಕೆ ಎದ್ದು ಸೀಳಿನ ಅಂಚು ಕಚ್ಚುತ್ತದೆ; ಎರಡೂ ಮೈ ಸಮಾನಾಂತರವಾಗಿ ಉಜ್ಜಿಕೊಂಡರೆ ಕಚ್ಚುವುದಿಲ್ಲ. ಈ ಒಂದು ಗಂಟೆಯ ಕೆಲಸ ಮಾಡದೆ ಹಳೇ ಯಂತ್ರ ಯಾವುದನ್ನೂ ಬಿಚ್ಚಬೇಡಿ, ಹೊಲಿಗೆ ಯಂತ್ರವಾದರೂ ಸರಿ.

ಸುರಂಗದೊಳಗೆ ಮೊದಲು ಸಿಕ್ಕಿದ್ದು ಎಣ್ಣೆ ಹೀರಿ ಕಪ್ಪಾದ ಬಟ್ಟೆಯ ಉಂಡೆ. ಬಿಡಿಸಿದರೆ ಒಳಗೆ ಮುಷ್ಟಿಗಿಂತ ಚಿಕ್ಕದೊಂದು ಸೀಸದ ಗಟ್ಟಿ. ಹಿಂದಿನವರ್‍ಯಾರೋ ಮುಂಭಾರ ಜಾಸ್ತಿ ಅನ್ನಿಸಿ ತೂಕ ಸರಿದೂಗಿಸಿಕೊಂಡದ್ದು.

ದೇಹದೊಳಗಿನ ಕೆಲಸ ನೋಡಿ ಸಂತೋಷವಾಯಿತು. ಬ್ಲಾಕನ್ನು ಹಿಡಿದಿರುವುದು ಹಿಂಬದಿಯ ಒಂದು ಅಡ್ಡ ಪಿನ್ನು. ಅದನ್ನು ಹಿತ್ತಾಳೆ ಪಂಚಿನಿಂದ ತಟ್ಟಿ ಹೊರಗೆ ತೆಗೆದರೆ ಉಳಿದದ್ದೆಲ್ಲ ಸರಸರ ಬರುತ್ತದೆ. ಬ್ಲಾಕಿನ ಹಿಂಭಾಗ ಕೀಲು, ಮುಂಭಾಗ ಬಾಗಿಲಿನಂತೆ ಕೆಳಗೆ ಬಗ್ಗುತ್ತದೆ. ಹೀಗೆ ಬಗ್ಗುವ ಬ್ಲಾಕಿನ ಯೋಚನೆ ಬಾಸ್ಟನ್ನಿನ ಪೀಬಡಿಯದು, 1862ರ ಪೇಟೆಂಟ್. ಆದರೆ ಅವನ ಬಂದೂಕಿನಲ್ಲಿ ಕುದುರೆ (ಬಡಿಯುವ ಸುತ್ತಿಗೆ) ಹೊರಗಡೆಯೇ ಇತ್ತು, ನಮ್ಮ ಅಜ್ಜನ ಕೇಪಿನ ಕೋವಿಯಲ್ಲಿ ಇದ್ದ ಹಾಗೆ, ಹೆಬ್ಬೆರಳಿನಿಂದ ಹಿಂದಕ್ಕೆಳೆಯಬೇಕು. ಸ್ವಿಟ್ಜರ್ಲೆಂಡಿನಲ್ಲಿದ್ದ ಫ್ರೀಡ್ರಿಕ್ ಫಾನ್ ಮಾರ್ಟಿನಿ ಆ ಕುದುರೆಯನ್ನು ಕಿತ್ತೆಸೆದು, ಸ್ಪ್ರಿಂಗ್ ಸುತ್ತಿದ ಒಂದು ಸೂಜಿಯನ್ನು ಬ್ಲಾಕಿನ ಹೊಟ್ಟೆಯೊಳಗೆ ಇಟ್ಟ. ಲಿವರ್ ಕೆಳಗೆಳೆದಾಗ ಬ್ಲಾಕ್ ಬಗ್ಗುವುದೂ, ಸೂಜಿ ಹಿಂದೆ ಸರಿದು ಕೂರುವುದೂ, ಖಾಲಿ ತೋಟಾ ಹೊರಗೆ ಬರುವುದೂ ಒಂದೇ ಎಳೆತಕ್ಕೆ. 1871ರಲ್ಲಿ ಬ್ರಿಟಿಷ್ ಸೈನ್ಯ ಒಪ್ಪಿಕೊಂಡ ಮಾರ್ಟಿನಿ-ಹೆನ್ರಿ ಇದೇ ಯಂತ್ರ. ನನ್ನ ಮೇಜಿನ ಮೇಲಿದ್ದದ್ದು ಅದರ ಮರಿ.

ಒಳಗೆ ತುಂಬಿದ್ದದ್ದು ಗಟ್ಟಿಯಾದ ಗ್ರೀಸು, ಮೇಣ, ಕಾಡಿಗೆಯಂಥ ಕಪ್ಪು. ಸೀಮೆಎಣ್ಣೆಯಲ್ಲಿ ಒಂದು ರಾತ್ರಿ ನೆನೆಸಿ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದೆ. ಸೂಜಿಯ ಸ್ಪ್ರಿಂಗು ಸುಸ್ತಾಗಿತ್ತು, ಹೊಸದನ್ನು ತರಿಸಿದೆ. ಟ್ರಿಗರಿನ ಕಚ್ಚುಗಳನ್ನು ಮುಟ್ಟಲೇ ಇಲ್ಲ. ಅಲ್ಲಿ ಕಲ್ಲು ಹಾಕಿ ನುಣುಪು ಮಾಡುವ ಆಸೆ ಟೂಲ್‌ರೂಮಿನವರಿಗೆ ಬೇಗ ಬರುತ್ತದೆ. ಕೂದಲೆಳೆಯಷ್ಟು ಹೆಚ್ಚು ತೆಗೆದರೂ ರೈಫಲ್ ಬೆರಳು ಮುಟ್ಟದೆಯೇ ಹಾರಬಹುದು. ಅದು ಬಂದೂಕು ಮಿಸ್ತ್ರಿಯ ಕೆಲಸ.

ಮಿಸ್ತ್ರಿಗೇ ಕೊಟ್ಟ ಇನ್ನೊಂದು ಕೆಲಸವಿದೆ. .22ರಲ್ಲಿ ಸೂಜಿ ಹೊಡೆಯುವುದು ತೋಟಾದ ನಡುಮಧ್ಯಕ್ಕಲ್ಲ, ಅಂಚಿಗೆ. ತೋಟಾ ಇಲ್ಲದೆ ಟ್ರಿಗರ್ ಎಳೆದರೆ ಸೂಜಿ ಹೋಗಿ ನಳಿಗೆಯ ಉಕ್ಕಿಗೇ ಬಡಿಯಬಹುದು. ಹಿಂದಿನ ಮಾಲೀಕರು ವರ್ಷಗಟ್ಟಲೆ ಹಾಗೆ ಖಾಲಿ ಎಳೆದು, ಗುಂಡು ಕೂರುವ ಬಾಯಿಯ ಮೇಲಂಚಿನಲ್ಲಿ ಒಂದು ಗುದ್ದು ಬಿದ್ದು, ಅಲ್ಲಿನ ಉಕ್ಕು ಒಳಕ್ಕೆ ಮೊಳೆತಿತ್ತು. ತೋಟಾ ಒಳಗೆ ಹೋಗಲು ಹೆಬ್ಬೆರಳ ಬಲ ಬೇಕಾಗುತ್ತಿದ್ದದ್ದು ಅದಕ್ಕೇ. ಅರದಿಂದ ಉಜ್ಜಿದರೆ ಉಕ್ಕು ಹೋಗುತ್ತದೆ, ಗುಳಿ ಉಳಿಯುತ್ತದೆ. ಮಿಸ್ತ್ರಿಯ ಹತ್ತಿರ ಅದಕ್ಕೆಂದೇ ಒಂದು ನುಣುಪಾದ ಉಕ್ಕಿನ ಕಡ್ಡಿ ಇದೆ, ಒಳಕ್ಕೆ ನೂಕಿ ತಿರುಗಿಸಿದರೆ ಮೊಳೆತ ಉಕ್ಕನ್ನು ಬಂದಲ್ಲಿಗೇ ಹಿಂದಕ್ಕೆ ಒತ್ತುತ್ತದೆ. ಹತ್ತು ನಿಮಿಷದ ಕೆಲಸ.

ಮರಕ್ಕೆ ಬಂದರೆ, ಎರಡು ವಾರ ಅದರಲ್ಲೇ ಹೋಯಿತು. ಬಣ್ಣ ತೆಗೆಯುವ ಪೇಸ್ಟ್ ಹಚ್ಚಿ, ಹಳೇ ಪ್ಲಾಸ್ಟಿಕ್ ಕಾರ್ಡಿನಿಂದ ವಾರ್ನಿಷ್ ಕೆರೆದೆ. ಕೆಳಗಿದ್ದದ್ದು ಒಳ್ಳೆಯ ವಾಲ್‌ನಟ್, ನಮ್ಮ ಬೀಟೆಯಷ್ಟು ಕಪ್ಪಲ್ಲ, ಹಲಸಿನಷ್ಟು ಹಳದಿಯಲ್ಲ, ಎರಡರ ನಡುವೆ. ಮರಳು ಕಾಗದ ಹಿಡಿಯಲಿಲ್ಲ. ಕಾರ್ಖಾನೆಯಲ್ಲಿ ಮರವನ್ನು ಉಕ್ಕಿಗಿಂತ ಕೂದಲೆಳೆ ಎತ್ತರಕ್ಕೆ ಬಿಟ್ಟು ಕೂರಿಸಿರುತ್ತಾರೆ, ಉಜ್ಜಿದರೆ ಆ ಅಂಚು ತಗ್ಗಿಹೋಗಿ ಉಕ್ಕು ಹೊರಗೆ ಚಾಚಿಕೊಳ್ಳುತ್ತದೆ. ಅಂಥ ರಿಪೇರಿಯನ್ನು ಹತ್ತು ಅಡಿ ದೂರದಿಂದ ಗುರುತಿಸಬಹುದು. ತಗ್ಗುಗಳ ಮೇಲೆ ಒದ್ದೆ ಬಟ್ಟೆ ಹಾಸಿ ಇಸ್ತ್ರಿಪೆಟ್ಟಿಗೆಯ ತುದಿ ಒತ್ತಿದರೆ ಹಬೆ ಒಳಗೆ ಹೋಗಿ ಅಮುಕಿದ ನಾರು ಉಬ್ಬಿ ಮೇಲೆ ಬರುತ್ತದೆ. ನಾರು ಕಡಿದುಹೋಗಿದ್ದರೆ ಬರುವುದಿಲ್ಲ. ಅಂಥವು ಆರೇಳು ಉಳಿದವು, ಉಳಿಯಲಿ. ಬಟ್ಟಿನ ಅಡಿಯಲ್ಲಿ ಚಾಕುವಿನಿಂದ ಕೆತ್ತಿದ ಎರಡು ಅಕ್ಷರಗಳೂ ಇವೆ.

ಆಮೇಲೆ ಕುದಿಸಿದ ಅಗಸೆಎಣ್ಣೆ. ಊರಿನಲ್ಲಿ ಜಂತಿ ಬಾಗಿಲಿಗೆಲ್ಲ ಗೇರೆಣ್ಣೆ ಬಳಿಯುತ್ತಿದ್ದ ನೆನಪಿನಲ್ಲಿ ಮೊದಲ ಸಲ ಧಾರಾಳವಾಗಿ ಸುರಿದೆ, ಮೂರು ದಿನ ಅಂಟಂಟು. ಇದಕ್ಕೆ ಬೇಕಿರುವುದು ಅಂಗೈಗೆ ನಾಲ್ಕು ಹನಿ, ಬಿಸಿಯಾಗುವವರೆಗೆ ತಿಕ್ಕು, ಉಳಿದದ್ದನ್ನು ಒರೆಸು, ಒಂದು ದಿನ ಬಿಡು, ಮತ್ತೆ ತಿಕ್ಕು. ಹನ್ನೆರಡು ಸಲ ಆಯಿತು. ಎಣ್ಣೆ ಒರೆಸಿದ ಚಿಂದಿಯನ್ನು ಮುದ್ದೆ ಮಾಡಿ ಕಸದ ಬುಟ್ಟಿಗೆ ಹಾಕಬೇಡಿ. ಅಗಸೆಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯೊಳಗೆ ಆ ಬಿಸಿ ಸೇರಿಕೊಂಡು ತಾನಾಗಿ ಹೊತ್ತಿಕೊಳ್ಳುತ್ತದೆ. ನಾನು ತಂತಿಯ ಮೇಲೆ ಹರವಿ ಒಣಗಿಸಿದೆ.

ಉಕ್ಕಿನ ತುಕ್ಕಿಗೆ ಎರಡು ಉಪಾಯ. ನಳಿಗೆಯ ಮೇಲೆ ತೆಳುವಾದ ಎಣ್ಣೆ ಹಚ್ಚಿ ನಾಣ್ಯದ ಅಂಚಿನಿಂದ ಕೆರೆಯುವುದು. ಇಲ್ಲಿನ ಎರಡು ಪೆನ್ನಿ ನಾಣ್ಯ, 1992ಕ್ಕಿಂತ ಹಿಂದಿನದಾದರೆ, ಕಂಚು. ಉಕ್ಕಿಗಿಂತ ಮೆದು, ತುಕ್ಕಿಗಿಂತ ಗಟ್ಟಿ, ಹಾಗಾಗಿ ಹಳೇ ನೀಲಿ ಬಣ್ಣಕ್ಕೆ ಗೀರು ಬೀಳುವುದಿಲ್ಲ. ಈಚಿನವು ತಾಮ್ರ ಲೇಪಿಸಿದ ಉಕ್ಕು, ಅಯಸ್ಕಾಂತಕ್ಕೆ ಅಂಟುತ್ತವೆ, ಅವು ಬೇಡ. ಪ್ರೂಫ್ ಮುದ್ರೆಗಳ ಸುತ್ತ ನಾಣ್ಯವನ್ನೂ ಒಯ್ಯಲಿಲ್ಲ, ಬರೀ ಎಣ್ಣೆ ಬಟ್ಟೆ.

ಲಿವರಿನಂಥ ಚಿಕ್ಕ ಭಾಗಗಳನ್ನು ಕುದಿಸಿದೆ. ಕೆಂಪು ತುಕ್ಕನ್ನು ನೀರಿನಲ್ಲಿ ಅರ್ಧ ಗಂಟೆ ಕುದಿಸಿದರೆ ಅದು ಕಪ್ಪು ಆಕ್ಸೈಡ್ ಆಗುತ್ತದೆ. ಹಳೇ ಕಾಲದಲ್ಲಿ ಬಂದೂಕಿಗೆ ಬಣ್ಣ ಬರಿಸುತ್ತಿದ್ದದ್ದೂ ಹೀಗೇ: ಬೇಕೆಂದೇ ತುಕ್ಕು ಹಿಡಿಸು, ಕುದಿಸು, ಉಜ್ಜು, ಮತ್ತೆ ಹಿಡಿಸು. ಬರ್ಮಿಂಗ್‌ಹ್ಯಾಮಿನ ನಲ್ಲಿ ನೀರು ವೇಲ್ಸಿನ ಬೆಟ್ಟಗಳಿಂದ ಬರುವ ಮೆದು ನೀರು, ಸುಣ್ಣದ ಕಲೆ ಕೂರುವುದಿಲ್ಲ, ಅದೊಂದು ಅದೃಷ್ಟ. ಅದೃಷ್ಟ ಅಲ್ಲಿಗೇ ನಿಂತಿತು. "ರೀ, ಇದು ಸಾರಿನ ಪಾತ್ರೆ" ಅಂತ ಹಿಂದಿನಿಂದ ಧ್ವನಿ ಬಂತು. ಆ ಪಾತ್ರೆ ಈಗ ಗ್ಯಾರೇಜಿನಲ್ಲಿದೆ. ಹೊಸ ಸಾರಿನ ಪಾತ್ರೆಗೆ ಕೊಟ್ಟ ದುಡ್ಡನ್ನೂ ರೈಫಲಿನ ಲೆಕ್ಕಕ್ಕೆ ಸೇರಿಸಿದ್ದೇನೆ.

ನಳಿಗೆಯ ಒಳಗನ್ನು ಹಿಂದಿನಿಂದ ತೊಳೆಯುವುದು ಮಾರ್ಟಿನಿಯಲ್ಲಿ ಸುಲಭವಲ್ಲ. ಬಹಳ ಜನ ಮುಂದಿನ ಬಾಯಿಂದಲೇ ಕಡ್ಡಿ ಹಾಕುತ್ತಾರೆ, ಹಾಕಿ ಹಾಕಿ ಬಾಯಿಯ ಅಂಚು ಒಂದು ಕಡೆ ಸವೆಯುತ್ತದೆ. ಗುಂಡು ಕೊನೆಯದಾಗಿ ಮುಟ್ಟುವ ಜಾಗ ಅದು. ಅಲ್ಲಿ ಓರೆಯಾದರೆ ಗುಂಡೂ ಓರೆ. ಭೂತಗನ್ನಡಿಯಲ್ಲಿ ನೋಡಿದಾಗ ನನ್ನದರ ಬಾಯಿ ಚೆನ್ನಾಗಿಯೇ ಇತ್ತು. ಹಿತ್ತಾಳೆಯ ಒಂದು ಬಿಲ್ಲೆ ಲೇತಿನಲ್ಲಿ ಕೊರೆದು, ಕಡ್ಡಿ ಅಂಚಿಗೆ ತಾಗದಂತೆ ಬಾಯಿಗೆ ಕೂರಿಸಿಕೊಂಡೆ. ಕಂಚಿನ ಬ್ರಷ್ಷು ಎಳೆದಾಗ ಸೀಸದ ಚಕ್ಕೆಗಳು ಬೆಳ್ಳಿ ರೇಕಿನಂತೆ ಉದುರಿದವು.

ಹಿಂದಿನ ಗುರಿನೋಟ ಪಾರ್ಕರ್-ಹೇಲ್ ಅವರದು, ಅದೂ ಇದೇ ಊರಿನ ಕಂಪನಿ. ಸಣ್ಣ ತೂತಿನಿಂದ ನೋಡುವುದು, ಗುಬಟು ತಿರುಗಿಸಿದರೆ ಕಟ್ ಕಟ್ ಅಂತ ಸರಿಯಬೇಕು. ಒಂದು ಕಟ್ ಅಂದರೆ ಕಾಲು ಮಿನಿಟ್ ಕೋನ (ಒಂದು ಡಿಗ್ರಿಗೆ 60 ಮಿನಿಟ್), 25 ಗಜದಲ್ಲಿ ಸುಮಾರು 1.7 ಮಿಲಿಮೀಟರ್. ಒಣಗಿದ ಗ್ರೀಸಿನಿಂದ ಕಟ್ ಬರುತ್ತಿರಲಿಲ್ಲ, ತೊಳೆದು ಒಂದು ಹನಿ ಎಣ್ಣೆ ಬಿಟ್ಟೆ, ಬಂತು.

ಜನವರಿಯ ಎರಡನೇ ಗುರುವಾರ ಕ್ಲಬ್ಬಿಗೆ ಒಯ್ದೆ. ಎಲ್ಲರೂ ಕೈಗೆತ್ತಿಕೊಂಡು ನೋಡಿದರು, ಮರವನ್ನು ಹೊಗಳಿದರು. ಮಲಗಿ, ರೈಫಲಿನ ಬೆಲ್ಟನ್ನು ತೋಳಿಗೆ ಬಿಗಿದು, ಹತ್ತು ಗುಂಡು ಹೊಡೆದೆ. ಕಾರ್ಡ್ ಎಣಿಸಿದರೆ ನೂರಕ್ಕೆ 81. ಕ್ಲಬ್ಬಿನ ರೈಫಲಿನಲ್ಲಿ ನನಗೆ 93ರ ಆಸುಪಾಸು ಬರುತ್ತದೆ. ಇನ್ನೊಂದು ಕಾರ್ಡಿನಲ್ಲಿ ಎಲ್ಲವನ್ನೂ ಒಂದೇ ಗುರಿಗೆ ಹೊಡೆದೆ. ವಿಚಿತ್ರವೆಂದರೆ ಗುಂಡುಗಳು ಚೆಲ್ಲಾಪಿಲ್ಲಿಯಾಗಿರಲಿಲ್ಲ. ಎರಡು ಗುಂಪು ಕಟ್ಟಿದ್ದವು, ಒಂದು ಮೇಲೆ ಎಡಕ್ಕೆ, ಇನ್ನೊಂದು ಕೆಳಗೆ ಬಲಕ್ಕೆ.

ನಾನು ಗುಳಿಗಳನ್ನೇ ದೂರಿದೆ. ಮೂರು ವಾರ ತೋಟಾ ಬದಲಾಯಿಸಿದೆ, ಈಲಿ ಒಂದು ಬಗೆ, ಎಸ್‌ಕೆ ಒಂದು ಬಗೆ. ಎರಡು ಗುಂಪು ಹೋಗಲಿಲ್ಲ. ನಳಿಗೆಯನ್ನು ಕೊರೆದು ಒಳಗೆ ಹೊಸ ಕೊಳವೆ ಕೂರಿಸುವ ಉಪಾಯವೊಂದುಂಟು. ಪಾರ್ಕರ್-ಹೇಲ್‌ನವರು ಅದಕ್ಕೆ 'ಪಾರ್ಕರಿಫ್ಲಿಂಗ್' ಅಂತ ಹೆಸರಿಟ್ಟು ಬಹಳ ಕಾಲ ಮಾಡಿಕೊಡುತ್ತಿದ್ದರು. ಈಗ ಅಂಥದ್ದನ್ನು ಮಾಡಿಸಿ, ಮತ್ತೆ ಪ್ರೂಫ್ ಹೌಸಿಗೆ ಕಳಿಸಿ ಮುದ್ರೆ ಹಾಕಿಸುವ ಖರ್ಚು ಕೇಳಿದರೆ ರೈಫಲಿನ ಬೆಲೆಯ ಹಲವು ಪಟ್ಟು. ಆದರೂ ಮಾಡಿಸುವುದೆಂದೇ ಇದ್ದೆ.

ಕ್ಲಬ್ಬಿನಲ್ಲಿ ಎಂಬತ್ತರ ಹತ್ತಿರದ ಒಬ್ಬರಿದ್ದಾರೆ, ಹುಡುಗನಾಗಿದ್ದಾಗಿನಿಂದ ಮಾರ್ಟಿನಿ ಹೊಡೆದವರು. ಅವರು ನಳಿಗೆಯೊಳಗೆ ನೋಡಲೇ ಇಲ್ಲ. ಒಂದು ಕೈಯಲ್ಲಿ ಉಕ್ಕಿನ ದೇಹ, ಇನ್ನೊಂದರಲ್ಲಿ ಬಟ್ಟು ಹಿಡಿದು ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿದರು. ಟಿಕ್ ಅಂತ ಸದ್ದು. ನನ್ನ ಮುಖ ನೋಡಿ ಇನ್ನೊಮ್ಮೆ ತಿರುಚಿದರು. ಟಿಕ್.

ಗುದ್ದಲಿಯ ಕಾವು ಸಡಿಲವಾಗಿದ್ದರೆ ಏಟು ಬಿದ್ದ ಕೂಡಲೇ ಕೈಗೆ ಗೊತ್ತಾಗುತ್ತದೆ, ನಮ್ಮೂರಿನ ಯಾವ ಮಗುವಿಗೂ ಅದನ್ನು ಹೇಳಿಕೊಡಬೇಕಿಲ್ಲ. ಇಲ್ಲಿ ಅದು ಅರ್ಧ ಕೂದಲಿನಷ್ಟು ಮಾತ್ರ ಅಲುಗುತ್ತಿತ್ತು. ಪ್ರತಿ ಗುಂಡಿಗೂ ಲಿವರ್ ಎಳೆದು ಮುಚ್ಚುವಾಗ ಉಕ್ಕು ಒಮ್ಮೆ ಈ ಕಡೆಗೆ, ಒಮ್ಮೆ ಆ ಕಡೆಗೆ ವಾಲಿ ಕೂರುತ್ತಿತ್ತು. ಹಾಗಾಗಿ ಎರಡು ಗುಂಪು. ಹಿಂದೆ ಹೀಗೆ ಇರಲಿಲ್ಲವೋ ಏನೋ. ವಾರ್ನಿಷ್ ತೆಗೆಯುವಾಗ ಕೂಡುವ ಜಾಗದ ಮರವನ್ನೂ ಉತ್ಸಾಹದಿಂದ ಕೆರೆದು, ಮೇಲೆ ಎಣ್ಣೆಯನ್ನೂ ಕುಡಿಸಿದವನು ನಾನೇ. ಮೊದಲೇ ಹೊಡೆದು ನೋಡಿದ್ದರೆ ಗೊತ್ತಾಗುತ್ತಿತ್ತು.

ಮನೆಗೆ ಬಂದು ಬಟ್ಟು ಬಿಚ್ಚಿ, ಉಕ್ಕಿಗೆ ಪೆನ್ಸಿಲ್ ಸೀಸದ ಪುಡಿ ತಿಕ್ಕಿ ಕೂರಿಸಿ ತೆಗೆದೆ. ಮರದ ಮೇಲೆ ಕಪ್ಪು ಹತ್ತಿದ್ದು ಎರಡೇ ಮೂಲೆಗಳಲ್ಲಿ, ಅಂದರೆ ಅವೆರಡೇ ತಾಗುತ್ತಿದ್ದವು. ಆ ಮೂಲೆಗಳನ್ನು ಉಳಿಯ ಬಾಯಿಂದ ನವಿರಾಗಿ ಕೆರೆಯುವುದು, ಕೂರಿಸುವುದು, ನೋಡುವುದು. ಸುತ್ತಲೂ ಒಂದೇ ಸಮ ಕಪ್ಪು ಹತ್ತುವವರೆಗೆ ಒಂದು ಭಾನುವಾರ ಪೂರ್ತಿ. ಕೊನೆಗೆ ಬೋಲ್ಟು ಬಿಗಿದೆ, ಹಿಂದಿನದಕ್ಕಿಂತ ಅರ್ಧ ಸುತ್ತು ಹೆಚ್ಚು ಹೋಯಿತು. ಸೀಸದ ಗಟ್ಟಿಯನ್ನು ಹೊಸ ಬಟ್ಟೆಯಲ್ಲಿ ಸುತ್ತಿ ಅದರ ಜಾಗಕ್ಕೇ ತುರುಕಿದೆ.

ಮುಂದಿನ ಗುರುವಾರ ಒಂದೇ ಗುಂಪು, ಗುಂಡಿನ ತೂತುಗಳ ಹೊರ ಅಂಚಿನಿಂದ ಅಂಚಿಗೆ 12 ಮಿಲಿಮೀಟರ್. ಒಂದು ತೂತೇ ಐದೂವರೆ ಮಿಲಿಮೀಟರ್ ಇರುತ್ತದೆ, ಲೆಕ್ಕ ನೀವೇ ಹಾಕಿ. ಗುಳಿಗಳು ಇದ್ದಲ್ಲೇ ಇವೆ. ಕಾರ್ಡಿಗೆ 94 ಬಂತು. ಬೆಲ್ಟನ್ನು ಜಾಸ್ತಿ ಬಿಗಿದರೆ ಮಾತ್ರ ಗುಂಪು ಇಡಿಯಾಗಿ ಮೂರು ಕಟ್ ಕೆಳಗಿಳಿಯುತ್ತದೆ. ಮುಂದಿನ ಮರ ನಳಿಗೆಗೇ ಸ್ಕ್ರೂ ಆಗಿರುವುದರಿಂದ ಬೆಲ್ಟಿನ ಎಳೆತ ನಳಿಗೆಗೆ ಹೋಗುತ್ತದೆ, ಈ ಮಾರ್ಟಿನಿಗಳ ಹುಟ್ಟುಗುಣ. ಬೆಲ್ಟಿನ ತೂತಿಗೆ ಗುರುತು ಹಾಕಿಕೊಂಡು ಪ್ರತಿ ಸಲ ಅಲ್ಲಿಗೇ ಬಿಗಿಯುತ್ತಿದ್ದೇನೆ.

ಒಂದು ಶನಿವಾರ ಸ್ಮಾಲ್ ಹೀತ್‌ಗೆ ಹೋಗಿ ಆರ್ಮರಿ ರೋಡಿನಲ್ಲಿ ನಡೆದು ಬಂದೆ. ರೈಫಲ್ ಹುಟ್ಟಿದ ಕಾರ್ಖಾನೆಯ ಬಹುಪಾಲು ಈಗಿಲ್ಲ. 1940ರ ನವೆಂಬರ್ 19ರ ರಾತ್ರಿ ಜರ್ಮನ್ ಬಾಂಬು ಬಿದ್ದು ಅಲ್ಲಿ 53 ಕೆಲಸಗಾರರು ಸತ್ತರು. ನನ್ನ ಬಟ್ಟಿನ ಕೂಡುವ ಜಾಗವನ್ನು ಮೊದಲ ಸಲ ಕೆರೆದು ಕೂರಿಸಿದವರ ಹೆಸರು ಎಲ್ಲೂ ಇಲ್ಲ. ಅವರು ಎಷ್ಟು ಹೊತ್ತಿನಲ್ಲಿ ಮಾಡಿರಬಹುದು ಅಂತ ಯೋಚಿಸಿದೆ. ನನಗೆ ಒಂದು ಭಾನುವಾರ ಹಿಡಿದದ್ದು ಅವರಿಗೆ ಚಹಾಕ್ಕೆ ಮುಂಚಿನ ಕೆಲಸವಾಗಿದ್ದಿರಬೇಕು.

ಉಳಿದಿರುವುದು ಖಾಲಿ ತೋಟಾ ಎಳೆಯುವ ಕೊಕ್ಕೆ. ತುದಿ ಸವೆದಿದೆ, ಹತ್ತರಲ್ಲೊಂದು ತೋಟಾ ಅರ್ಧ ಹೊರಗೆ ಬಂದು ನಿಲ್ಲುತ್ತದೆ. ಸದ್ಯಕ್ಕೆ ಉಗುರಿನಲ್ಲಿ ಎಬ್ಬಿಸುತ್ತೇನೆ. ಮುರಿದ ಮಾರ್ಟಿನಿಗಳ ಬಿಡಿಭಾಗ ಮಾರುವವರೊಬ್ಬರಿಗೆ ಬರೆದಿದ್ದೇನೆ.